ಚಿಟ್ಟೆ ನೋಡೋಕೆ ಹೋಗಿ ಎಕ್ಕದ ಗಿಡದ ಬುಡದಲ್ಲಿ ಕೂತು ಬಂದೆವು

ಇಬ್ಬರ ಅಮ್ಮ

ಎಲ್ಲರಿಗೂ ನಮಸ್ಕಾರ. ನಾವು ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುತ್ತಿದ್ದೇವೆ. ಮಗಳಿಗೆ ಹನ್ನೊಂದು, ಮಗನಿಗೆ ಆರು. ಮೊನ್ನೆ ಚಿಟ್ಟೆಗಳ ಬಗ್ಗೆ ಕಲಿಯೋಣ ಅಂತ ಹೊರಗೆ ಹೋಗಿದ್ದೆವು. ಮೊದಲರ್ಧ ಪೂರ್ತಿ ಹಾಳು. ಆಮೇಲಿನದ್ದು ಎಷ್ಟು ಚೆನ್ನಾಗಿತ್ತು ಅಂದರೆ ಮೂರು ದಿನ ಆದರೂ ಮನೆಯಲ್ಲಿ ಅದೇ ಮಾತು. ಕೊನೆಯಲ್ಲಿ ಕೆಲವು ಪ್ರಶ್ನೆಗಳಿವೆ, ಗೊತ್ತಿದ್ದವರು ಹೇಳಿ.

ಹಾಳಾಗಿದ್ದು ನನ್ನಿಂದಲೇ. ಹಿಂದಿನ ರಾತ್ರಿ ಕೂತು ಇಪ್ಪತ್ತು ಚಿಟ್ಟೆಗಳ ಚಿತ್ರ ಅಂಟಿಸಿ, ಪಕ್ಕದಲ್ಲಿ ಟಿಕ್ ಹಾಕಲು ಚೌಕ ಬಿಟ್ಟು, ಇಬ್ಬರಿಗೂ ಒಂದೊಂದು ಹಾಳೆ ಮಾಡಿದ್ದೆ. ಹಕ್ಕಿ ನೋಡುವವರು ನಸುಕಿನಲ್ಲೇ ಹೊರಡುತ್ತಾರಲ್ಲ, ಅದೇ ಲೆಕ್ಕದಲ್ಲಿ ಆರೂವರೆಗೆಲ್ಲ ಹೊರಟೆವು. ಹೋಗಿ ನೋಡಿದರೆ ಒಂದೇ ಒಂದು ಚಿಟ್ಟೆ ಇಲ್ಲ. ಎಂಟೂವರೆ ಆದ ಮೇಲೆ ಅಲ್ಲೊಂದು ಇಲ್ಲೊಂದು ಕಾಣಿಸಿತು. ಕಂಡ ಕೂಡಲೇ ಮೂವರೂ ಓಡುವುದು, ನಾವು ತಲುಪುವಷ್ಟರಲ್ಲಿ ಅದು ಬೇಲಿ ದಾಟಿ ಹೋಗಿರುವುದು. ಒಂದು ಗಂಟೆ ಹೀಗೇ ಆಯಿತು. ಹಾಳೆಯಲ್ಲಿ ಎರಡು ಟಿಕ್. ಅದರಲ್ಲಿ ಒಂದು ಸುಳ್ಳು ಅಂತ ಮಗ ಆಮೇಲೆ ಒಪ್ಪಿಕೊಂಡ. ನಾನು ರೇಗಿದೆ. ಮಗಳು ಹೇಳಿದಳು, "ಅಮ್ಮಾ, ನಿನ್ನ ಸಿಲಬಸ್ ಚಿಟ್ಟೆಗೆ ಗೊತ್ತಿಲ್ಲ."

ನಗು ಬಂತು, ಜೊತೆಗೆ ಸ್ವಲ್ಪ ನಾಚಿಕೆಯೂ ಆಯಿತು. ಶಾಲೆ ಬೇಡ ಅಂತ ಬಿಡಿಸಿದವಳೇ ಬಯಲಿಗೆ ಹೋಗಿ ಶಾಲೆ ಮಾಡುತ್ತಿದ್ದೆ.

ಸುಸ್ತಾಗಿ ಎಲ್ಲರೂ ಕೂತೆವು. ಮಗ ಕೂತ ಜಾಗದ ಪಕ್ಕ ಒಂದು ಎಕ್ಕದ ಗಿಡ ಇತ್ತು. "ಅಮ್ಮಾ, ಎಲೆ ಮೇಲೆ ಸಾಸಿವೆ ಚೆಲ್ಲಿದ್ದಾರೆ" ಅಂದ. ನೋಡಿದರೆ ಹಿಕ್ಕೆ! ಕರಿ ಕಾಳಿನಂಥ ಹುಳುವಿನ ಹಿಕ್ಕೆ. ಹಿಕ್ಕೆ ಬಿದ್ದಿದೆ ಅಂದರೆ ಹಾಕಿದವರು ಮೇಲೆ ಎಲ್ಲೋ ಇರಬೇಕಲ್ಲ? ಮೇಲಿನ ಎಲೆ ತಿರುಗಿಸಿದರೆ ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳು, ಮೈಮೇಲೆ ಮೂರು ಜೊತೆ ಕರಿ ಕೊಂಬು. ಪ್ಲೇನ್ ಟೈಗರ್ ಚಿಟ್ಟೆಯ ಮರಿ. ಒಂದು ಸಿಕ್ಕ ಮೇಲೆ ಕಣ್ಣು ಪಳಗಿತು. ಅದೇ ಗಿಡದಲ್ಲಿ ಏಳು ಸಿಕ್ಕವು.

ಅಲ್ಲಿಂದ ಜಗಳ ಶುರು. ಕೀಟಕ್ಕೆ ಆರು ಕಾಲು ಅಂತ ಮಗಳು ಓದಿದ್ದಾಳೆ. ಮಗ ಎಣಿಸಿ ಹದಿನಾರು ಅಂದ. ಅವಳು "ನಿಂಗೆ ಎಣಿಸೋಕೆ ಬರಲ್ಲ" ಅಂದಳು. ಅವನು ಇನ್ನೊಮ್ಮೆ ಎಣಿಸಿದ, ಹದಿನಾರೇ. ನಾನೂ ಎಣಿಸಿದೆ, ಹದಿನಾರೇ. ಅಷ್ಟರಲ್ಲಿ ಪಕ್ಕದ ಹೂವಿನ ಮೇಲೆ ದೊಡ್ಡ ಪ್ಲೇನ್ ಟೈಗರ್ ಒಂದು ಬಂದು ಕೂತಿತು. ಅದರ ಕಾಲು ನೋಡಿದರೆ ನಾಲ್ಕೇ! ಪುಸ್ತಕದಲ್ಲಿ ಆರು, ಮರಿಗೆ ಹದಿನಾರು, ದೊಡ್ಡದಕ್ಕೆ ನಾಲ್ಕು. ನನಗೂ ಉತ್ತರ ಗೊತ್ತಿರಲಿಲ್ಲ. ಮನೆಗೆ ಬಂದು ಹುಡುಕಿದ ಮೇಲೆ ತಿಳಿಯಿತು. ಹುಳುವಿನ ಮುಂಭಾಗದ ಮೂರು ಜೊತೆ ಚೂಪು ಕಾಲುಗಳು ಮಾತ್ರ ನಿಜವಾದವು. ಹಿಂದಿನ ಐದು ಜೊತೆ ಮೆತ್ತನೆಯ ಗುಜ್ಜು ಕಾಲುಗಳು ಎಲೆ, ಕಾಂಡ ಹಿಡಿದುಕೊಳ್ಳಲಿಕ್ಕೆ, ಚಿಟ್ಟೆಯಾದಾಗ ಅವು ಇರುವುದಿಲ್ಲ. ಇನ್ನು ಈ ಚಿಟ್ಟೆಯ ಕುಟುಂಬದಲ್ಲಿ ಮುಂದಿನ ಒಂದು ಜೊತೆ ಕಾಲು ತುಂಬ ಚಿಕ್ಕದಾಗಿ ಎದೆಗೆ ಅಂಟಿಕೊಂಡಿರುತ್ತದೆ, ನಡೆಯಲು ಬಳಸುವುದಿಲ್ಲ. ಹಾಗಾಗಿ ನಾಲ್ಕೇ ಕಾಣುತ್ತದೆ. ಅಂದರೆ ಮೂವರ ಲೆಕ್ಕವೂ ಸರಿ!

ಇನ್ನೊಂದು ಹೇಳಲೇಬೇಕು. ಹೆಣ್ಣು ಚಿಟ್ಟೆ ಒಂದು ಬಂದು ಎಲೆಯಿಂದ ಎಲೆಗೆ ಕೂತು ಕಾಲಲ್ಲಿ ತಟ್ಟಿ ತಟ್ಟಿ ನೋಡಿತು. ಪಕ್ಕದ ಬೇರೆ ಗಿಡಕ್ಕೂ ಹೋಗಿ ತಟ್ಟಿತು, ಬೇಡ ಅಂತ ವಾಪಸ್ ಬಂತು. ಆಮೇಲೆ ಎಕ್ಕದ ಎಲೆಯ ಅಡಿಗೆ ಹೊಟ್ಟೆ ಬಾಗಿಸಿ ಒಂದೇ ಒಂದು ಮೊಟ್ಟೆ ಇಟ್ಟು ಹಾರಿತು. ಗುಂಡುಸೂಜಿ ತಲೆಗಿಂತ ಸ್ವಲ್ಪ ಚಿಕ್ಕದು, ತಿಳಿ ಕೆನೆ ಬಣ್ಣ. ಚಿಟ್ಟೆಗೆ ರುಚಿ ಗೊತ್ತಾಗುವುದು ಕಾಲಿನಲ್ಲೂ ಅಂತ ಓದಿದ್ದೆವು. ಕಣ್ಣಾರೆ ನೋಡಿದ್ದು ಈಗಲೇ.

ಈಗ ಪ್ರಶ್ನೆಗಳು. ಎರಡು ಹುಳುಗಳನ್ನು ಮನೆಗೆ ತಂದಿದ್ದೇವೆ, ತಪ್ಪು ಮಾಡಿದೆವಾ? ಮಗಳು ಬಲೆ ಕೇಳುತ್ತಿದ್ದಾಳೆ, ಕೊಡಿಸಲಾ? ಮತ್ತೆ, ಇದನ್ನೆಲ್ಲ ಬರೆದಿಡುವುದು ಹೇಗೆ? ಟಿಕ್ ಹಾಳೆ ಮಾತ್ರ ಬೇಡ.

ಗುಬ್ಬಿಗೂಡು

ಅಕ್ಕಾ, ಆರೂವರೆಯ ತಪ್ಪನ್ನು ನಾವೂ ಮಾಡಿದ್ದೇವೆ! ಚಿಟ್ಟೆಯ ಮೈ ನಮ್ಮ ಹಾಗೆ ತಾನಾಗಿ ಬೆಚ್ಚಗಿರುವುದಿಲ್ಲ. ಹಾರುವ ಸ್ನಾಯು ಹೆಚ್ಚುಕಡಿಮೆ 30 ಡಿಗ್ರಿಗೆ ಬಂದರೆ ಮಾತ್ರ ಸಲೀಸಾಗಿ ಹಾರುತ್ತದೆ. ಬಿಸಿಲು ಬಿದ್ದ ಮೇಲೆ ಕಲ್ಲಿನ ಮೇಲೋ ಎಲೆಯ ಮೇಲೋ ರೆಕ್ಕೆ ಹರಡಿ ಸುಮ್ನೆ ಕೂತಿರುತ್ತದಲ್ಲ, ಅದು ಮೈ ಕಾಯಿಸಿಕೊಳ್ಳುವ ಹೊತ್ತು. ಹತ್ತಿರದಿಂದ ನೋಡಲು ಅದೇ ಒಳ್ಳೆ ಸಮಯ. ಒಂಬತ್ತಕ್ಕೆ ಹೋದರೆ ಸಾಕು, ಮಕ್ಕಳಿಗೂ ನಿದ್ದೆ ಆಗಿರುತ್ತದೆ.

ನಿಮ್ಮ ನೆರಳು ಚಿಟ್ಟೆಯ ಮೇಲೆ ಬೀಳದ ಹಾಗೆ ನೋಡಿಕೊಳ್ಳಿ, ನೆರಳು ಬಿದ್ದ ಕೂಡಲೇ ಎದ್ದು ಹೋಗುತ್ತದೆ. ನನ್ನ ಮಗಳು ಇದನ್ನು ಆಟವನ್ನೇ ಮಾಡಿಕೊಂಡಿದ್ದಾಳೆ. ನೆರಳು ಬೀಳದೆ ಎಷ್ಟು ಹೆಜ್ಜೆ ಹತ್ತಿರ ಹೋಗಬಹುದು ಅಂತ.

ಹಾಗೇ ಒದ್ದೆ ಮಣ್ಣು ಕಂಡರೆ ಬಿಡಬೇಡಿ. ಹತ್ತಿಪ್ಪತ್ತು ಚಿಟ್ಟೆ ಒಟ್ಟಿಗೆ ಕೂತು ಹೀರುತ್ತಿರುತ್ತವೆ. ಬಾಯಾರಿಕೆಗೆ ಅಂತ ನಾನು ತುಂಬ ದಿನ ಅಂದುಕೊಂಡಿದ್ದೆ. ಅವಕ್ಕೆ ಬೇಕಿರುವುದು ಮಣ್ಣಿನ ಉಪ್ಪು, ಮುಖ್ಯವಾಗಿ ಸೋಡಿಯಂ. ಎಲೆಯಲ್ಲಿ, ಮಕರಂದದಲ್ಲಿ ಅದು ತೀರಾ ಕಡಿಮೆ. ಹೀಗೆ ಕೂರುವುದು ಹೆಚ್ಚಾಗಿ ಗಂಡು ಚಿಟ್ಟೆಗಳು. ಕೂಡುವಾಗ ಆ ಉಪ್ಪನ್ನು ಹೆಣ್ಣಿಗೆ ಕೊಡುತ್ತವೆ, ಅದು ಮೊಟ್ಟೆಗಳಿಗೂ ಹೋಗುತ್ತದೆ.

ತೋಟದವಳು

ಹುಳು ತಂದಿದ್ದು ತಪ್ಪೇನಲ್ಲ, ಎರಡೇ ತಂದಿದ್ದೀರಲ್ಲ. ಆದರೆ ತಂದ ಮೇಲೆ ಅದರ ಊಟದ ಜವಾಬ್ದಾರಿ ನಿಮ್ಮದು. ಎಕ್ಕದ ಹುಳುವಿಗೆ ಎಕ್ಕವೇ ಬೇಕು, ಅದರದೇ ಬಳಗದ ಗಿಡವಾದರೂ ಆದೀತು. ಬೇರೆ ಎಲೆ ಎಷ್ಟು ಎಳೆಯದು ಕೊಟ್ಟರೂ ಹಸಿದು ಸಾಯುತ್ತದೆಯೇ ಹೊರತು ಮುಟ್ಟುವುದಿಲ್ಲ.

ಬೇರೆಲ್ಲಕ್ಕಿಂತ ಮೊದಲು ಇದು: ಎಕ್ಕದ ಹಾಲು ಕಣ್ಣಿಗೆ ಹೋಗಬಾರದು. ಎಲೆ ಕೀಳುವುದು ದೊಡ್ಡವರೇ ಮಾಡಿ, ಕೂಡಲೇ ಸೋಪು ಹಚ್ಚಿ ಕೈ ತೊಳೆಯಿರಿ. ನಾನು ಒಮ್ಮೆ ಮರೆತು ಕಣ್ಣು ಉಜ್ಜಿಕೊಂಡು ಎರಡು ದಿನ ಬೆಳಕು ನೋಡಲಾಗದೆ ಒದ್ದಾಡಿದ್ದೇನೆ, ಆಸ್ಪತ್ರೆಗೂ ಹೋಗಬೇಕಾಯಿತು. ಚಿಕ್ಕವನ ಮೇಲೆ ಕಣ್ಣಿರಲಿ.

ಎಲೆಯನ್ನು ನೀರಲ್ಲಿ ನಿಲ್ಲಿಸುವುದಾದರೆ ಸೀಸೆಯ ಬಾಯಿಗೆ ಹತ್ತಿ ತುರುಕಿ. ಇಲ್ಲದಿದ್ದರೆ ಹುಳು ಕಾಂಡ ಹಿಡಿದು ಇಳಿದು ನೀರಿಗೆ ಬೀಳುತ್ತದೆ. ಹಿಕ್ಕೆಯನ್ನು ದಿನಾ ತೆಗೆಯಿರಿ, ಬೂಸಲು ಬಂದರೆ ಹುಳುವಿಗೆ ರೋಗ. ಬಿಸಿಲಲ್ಲಿ ಡಬ್ಬಿ ಇಡಬೇಡಿ. ಹುಳು ಅಲ್ಲಾಡದೆ ಒಂದೇ ಕಡೆ ಇದ್ದರೆ ಸತ್ತಿದೆ ಅಂತ ಮುಟ್ಟಿ ನೋಡಬೇಡಿ. ಅದು ಪೊರೆ ಬಿಡುವ ಹೊತ್ತು. ಆಗ ಎಳೆದರೆ ಕಾಲು ಕಿತ್ತು ಬರುತ್ತದೆ.

ದೊಡ್ಡ ಡಬ್ಬಿ ಇರಲಿ, ಮೇಲೆ ಬಲೆಬಟ್ಟೆ ಕಟ್ಟಿ. ಕೋಶ ಮೇಲಿಂದ ತಲೆಕೆಳಗಾಗಿ ನೇತಾಡುತ್ತದೆ. ಚಿಟ್ಟೆ ಹೊರಬಂದಾಗ ರೆಕ್ಕೆ ಇಳಿಬಿಟ್ಟು ಬಿಡಿಸಿಕೊಳ್ಳಲು ಜಾಗ ಬೇಕು. ಜಾಗ ಸಾಲದೆ ರೆಕ್ಕೆ ಮಡಿಚಿಕೊಂಡೇ ಒಣಗಿದರೆ ಮುಗೀತು, ಜನ್ಮದಲ್ಲಿ ಹಾರುವುದಿಲ್ಲ.

ಇನ್ನೊಂದು ಮಾತು. ನೀವು ಗೊತ್ತಿಲ್ಲದೆ ಮಾಡಿದ್ದೇ ಸರಿಯಾದ ದಾರಿ. ಚಿಟ್ಟೆ ಹುಡುಕಬೇಡಿ, ಗಿಡ ಹುಡುಕಿ. ನಿಂಬೆ, ಕರಿಬೇವಿನಲ್ಲಿ ಲೈಮ್ ಬಟರ್‌ಫ್ಲೈ ಮರಿ. ಚಿಕ್ಕದಿದ್ದಾಗ ಥೇಟ್ ಹಕ್ಕಿ ಹಿಕ್ಕೆಯ ಹಾಗೆ, ಬೆಳೆದ ಮೇಲೆ ಹಸಿರು. ಕೆಣಕಿದರೆ ತಲೆಯ ಹಿಂದಿನಿಂದ ಕಿತ್ತಳೆ ಬಣ್ಣದ ಕವಲು ಹೊರಗೆ ಚಾಚಿ ಗಬ್ಬು ನಾತ ಬಿಡುತ್ತದೆ. ಮಕ್ಕಳಿಗೆ ಇದಕ್ಕಿಂತ ಮಜಾ ಇನ್ನೊಂದಿಲ್ಲ. ಕಣಗಿಲೆಯಲ್ಲಿ ಕಾಮನ್ ಕ್ರೋ ಸಿಗಬಹುದು. ಅದರ ಕೋಶ ನೋಡಿ, ಕನ್ನಡಿ ಬಡಿದ ಹಾಗೆ ಬೆಳ್ಳಿ ಹೊಳಪು. ಕಣಗಿಲೆಯೂ ವಿಷದ ಗಿಡವೇ, ಬರೀ ಕಣ್ಣಲ್ಲಿ ನೋಡಿ.

ಲೆಕ್ಕದ ಅಪ್ಪ

ಬೇಜಾರು ಮಾಡಿಕೊಳ್ಳಬೇಡಿ, ಒಂದು ಮಾತು ನೇರವಾಗಿ ಕೇಳುತ್ತೇನೆ. ಒಂದು ದಿನ ಬಯಲಿಗೆ ಹೋಗಿ ಹುಳು ನೋಡಿ ಬಂದರೆ ಖುಷಿಯೇನೋ ಆಗುತ್ತದೆ. ಅದನ್ನು ಕಲಿಕೆ ಅಂತ ಯಾವ ಲೆಕ್ಕದಲ್ಲಿ ಕರೆಯುವುದು? ನಾವೂ ಮನೆಯಲ್ಲೇ ಕಲಿಸುವವರು. ಈ ಗುಂಪಿನಲ್ಲಿ ಎಲ್ಲರೂ "ಮಗು ತಾನಾಗಿ ಕಲಿಯಿತು" ಅಂತಲೇ ಬರೆಯುತ್ತಾರೆ. ಒಂದು ತಿಂಗಳು ಬಿಟ್ಟು ಅದೇ ಮಗುವನ್ನು ಕೇಳಿದರೆ "ಚಿಟ್ಟೆ ನೋಡಿದ್ವಿ" ಅನ್ನುವುದು ಬಿಟ್ಟರೆ ಏನೂ ಇರುವುದಿಲ್ಲ. ನಿಮ್ಮ ಟಿಕ್ ಹಾಳೆಯನ್ನು ಎಲ್ಲರೂ ಬೈಯುವ ಮೊದಲು ಇದನ್ನೂ ಯೋಚಿಸಿ ಅಂದೆ ಅಷ್ಟೇ.

ಇಬ್ಬರ ಅಮ್ಮ

ಬೇಜಾರಿಲ್ಲ ಸರ್, ಈ ಅನುಮಾನ ನನಗೂ ಇದೆ. ಆದರೆ ಹದಿನಾರು, ಆರು, ನಾಲ್ಕರ ಜಗಳ ಮಾತ್ರ ನನ್ನ ಮಗ ಮರೆಯುವುದಿಲ್ಲ ಅನ್ನಿಸುತ್ತದೆ, ಯಾಕಂದರೆ ಅಕ್ಕನ ಎದುರು ಅವನು ಗೆದ್ದ ಮೊದಲ ಜಗಳ ಅದು. ಟಿಕ್ ಹಾಳೆಯಲ್ಲಿ ಹೆಸರು ಗೊತ್ತಾಗುತ್ತದೆ, ಅಷ್ಟೇ. "ಯಾಕೆ" ಅನ್ನುವುದು ಅದರಿಂದ ಹುಟ್ಟಲಿಲ್ಲ. ನೀವಾದರೆ ಏನು ಮಾಡುತ್ತಿದ್ದಿರಿ? ನಿಜವಾಗಿ ಕೇಳುತ್ತಿದ್ದೇನೆ.

ಲೆಕ್ಕದ ಅಪ್ಪ

ಅಳೆಸುತ್ತಿದ್ದೆ. ಹುಳು ಮನೆಯಲ್ಲೇ ಇದೆಯಲ್ಲ, ದಿನಾ ಒಂದೇ ಹೊತ್ತಿಗೆ ಉದ್ದ ಅಳೆಯಲಿ. ಪಟ್ಟಿಯನ್ನು ಹುಳುವಿನ ಪಕ್ಕ ಹಿಡಿದರೆ ಸಾಕು, ಮುಟ್ಟಬೇಕಿಲ್ಲ. ಮಗಳು ಗ್ರಾಫ್ ಎಳೆಯಲಿ. ಎಲೆಯನ್ನು ಕೊಡುವ ಮೊದಲು ಚೌಕುಳಿ ಹಾಳೆಯ ಮೇಲಿಟ್ಟು ಗೆರೆ ಎಳೆದುಕೊಳ್ಳಿ. ಮರುದಿನ ಉಳಿದದ್ದನ್ನು ಅದರ ಮೇಲಿಟ್ಟರೆ ಎಷ್ಟು ಚೌಕ ತಿಂದಿತು ಅಂತ ಚಿಕ್ಕವನೂ ಎಣಿಸುತ್ತಾನೆ. ಮೊನಾರ್ಕ್ ಚಿಟ್ಟೆಯ ಮರಿ ಎರಡು ವಾರದಲ್ಲಿ ತನ್ನ ತೂಕವನ್ನು ಸುಮಾರು 2000 ಪಟ್ಟು ಹೆಚ್ಚಿಸಿಕೊಳ್ಳುತ್ತದೆ. ಮೂರು ಕಿಲೋ ಕೂಸು ಅದೇ ವೇಗದಲ್ಲಿ ಬೆಳೆದರೆ ಎರಡು ವಾರಕ್ಕೆ ಎಷ್ಟಾಗುತ್ತದೆ ಅಂತ ಮಗಳಿಗೆ ಕೊಡಿ. ಆರು ಸಾವಿರ ಕಿಲೋ ಬರುತ್ತದೆ. ಅವಳ ಮುಖ ಹೇಗಾಯಿತು ಅಂತ ಇಲ್ಲಿ ಬರೆಯಿರಿ.

ಹಳೇ ಮೇಷ್ಟ್ರು

ಬಲೆಯ ಬಗ್ಗೆ. ಮೂವತ್ತು ವರ್ಷ ಪಾಠ ಮಾಡಿದವನು ನಾನು, ಮೊದಲ ಹತ್ತು ವರ್ಷ ಬಲೆ ಹಿಡಿದು ಮಕ್ಕಳನ್ನು ಓಡಿಸಿದ್ದೇನೆ. ಈಗ ಬೇಡ ಅನ್ನುತ್ತೇನೆ. ರೆಕ್ಕೆ ಮುಟ್ಟಿದರೆ ಚಿಟ್ಟೆ ಸತ್ತೇ ಹೋಗುತ್ತದೆ ಅನ್ನುವುದು ನಿಜವಲ್ಲ. ಕೈಗೆ ಅಂಟುವ ಪುಡಿ ರೆಕ್ಕೆಯ ಹುರುಪೆ, ಹೆಂಚಿನ ಹಾಗೆ ಒಂದರ ಮೇಲೊಂದು ಜೋಡಿಸಿರುತ್ತದೆ. ಸ್ವಲ್ಪ ಉದುರಿದರೂ ಹಾರುತ್ತದೆ. ಹಾಗಂತ ಉದುರಿದ್ದು ಮತ್ತೆ ಹುಟ್ಟುವುದೂ ಇಲ್ಲ. ಅನೇಕ ಚಿಟ್ಟೆಗಳ ಆಯಸ್ಸೇ ಎರಡರಿಂದ ನಾಲ್ಕು ವಾರ. ಅದರಲ್ಲಿ ಅರ್ಧ ಗಂಟೆ ನಮ್ಮ ಬಲೆಯಲ್ಲಿ ಒದ್ದಾಡುವುದು ಯಾಕೆ? ನೆಲದಲ್ಲಿ ಬಿದ್ದ ಸತ್ತ ಚಿಟ್ಟೆಯ ರೆಕ್ಕೆ ಸಿಕ್ಕರೆ ಎತ್ತಿಟ್ಟುಕೊಳ್ಳಿ, ಭೂತಗನ್ನಡಿಯಲ್ಲಿ ನೋಡಿದರೆ ಆ ಹೆಂಚಿನ ಸಾಲು ಕಾಣುತ್ತದೆ.

ಬರೆದಿಡುವುದಕ್ಕೆ ಒಬ್ಬ ಹೆಣ್ಣುಮಗಳ ವಿಷಯ ಹೇಳುತ್ತೇನೆ, ನಿಮ್ಮ ಮಗಳಿಗೆ ಇಷ್ಟ ಆದೀತು. ಮರಿಯಾ ಸಿಬಿಲ್ಲಾ ಮೇರಿಯನ್, ಹುಟ್ಟಿದ್ದು 1647ರಲ್ಲಿ, ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ. ಹದಿಮೂರನೇ ವಯಸ್ಸಿಗೇ ರೇಷ್ಮೆಹುಳು ಸಾಕಿ, ಅದು ದಿನದಿನಕ್ಕೆ ಹೇಗೆ ಬದಲಾಗುತ್ತದೆ ಅಂತ ಬರೆದಿಡಲು ಶುರು ಮಾಡಿದಳು. ಹುಳುಹುಪ್ಪಟೆ ಕೆಸರಿನಿಂದ, ಕೊಳೆತದ್ದರಿಂದ ತಾನಾಗಿ ಹುಟ್ಟುತ್ತವೆ ಅಂತ ತುಂಬ ಜನ ನಂಬಿದ್ದ ಕಾಲ ಅದು. 1699ರಲ್ಲಿ, ಐವತ್ತು ದಾಟಿದ ಮೇಲೆ, ಕಿರಿ ಮಗಳನ್ನು ಕರೆದುಕೊಂಡು ಹಡಗು ಹತ್ತಿ ದಕ್ಷಿಣ ಅಮೆರಿಕದ ಸುರಿನಾಮಿಗೆ ಹೋದಳು. ಅಲ್ಲಿ ಕಂಡ ಕೀಟಗಳ ಪುಸ್ತಕ 1705ರಲ್ಲಿ ಬಂತು. ಅವಳ ಚಿತ್ರದಲ್ಲಿ ಚಿಟ್ಟೆ ಸೂಜಿಗೆ ಚುಚ್ಚಿಸಿಕೊಂಡು ಒಂಟಿಯಾಗಿ ಇರುವುದಿಲ್ಲ. ಗಿಡ, ಹುಳು, ಕೋಶ, ಚಿಟ್ಟೆ ಎಲ್ಲ ಒಂದೇ ಹಾಳೆಯಲ್ಲಿ. ಹುಳು ತಿಂದ ಎಲೆಯ ತೂತು ಕೂಡ.

ನಿಮ್ಮ ಮಕ್ಕಳಿಗೂ ಅಷ್ಟೇ ಹೇಳಿ. ಒಂದು ದೊಡ್ಡ ಹಾಳೆ, ನಡುವೆ ಎಕ್ಕದ ಗಿಡ. ದಿನಾ ಏನು ಕಂಡಿತೋ ಅದನ್ನು ಅದೇ ಹಾಳೆಗೆ ಸೇರಿಸುತ್ತ ಹೋಗಲಿ. ಚಂದ ಬಾರದಿದ್ದರೂ ಪರವಾಗಿಲ್ಲ.

ಮೂಲೆಮನೆ

ನನ್ನ ಮಗನಿಗೆ ಹದಿನಾಲ್ಕು. ಚಿಟ್ಟೆ ಅಂದರೆ "ಚಿಕ್ಕ ಮಕ್ಕಳದ್ದು" ಅಂತ ಮೂಗು ಮುರಿಯುತ್ತಾನೆ. ಹೋದ ಸಲ ಕರೆದುಕೊಂಡು ಹೋದಾಗ ಇಡೀ ಹೊತ್ತು ಮರದ ಕೆಳಗೆ ಕೂತು ಫೋನ್ ನೋಡಿದ. ದೊಡ್ಡ ಮಕ್ಕಳಿಗೆ ಏನಾದರೂ ಇದೆಯಾ ಇದರಲ್ಲಿ?

ಎಲೆಮರೆ

ಇದೆ, ಮೋಸದ ಕಥೆ ಹೇಳಿ. ಹದಿನಾಲ್ಕಕ್ಕೆ ಅದೇ ಸರಿ.

ಪ್ಲೇನ್ ಟೈಗರ್ ಯಾಕೆ ಅಷ್ಟು ನಿಧಾನವಾಗಿ, ಯಾರಿಗೂ ಹೆದರದೆ ಹಾರುತ್ತದೆ ಅಂತ ಅವನನ್ನೇ ಕೇಳಿ. ಮರಿಯಾಗಿದ್ದಾಗ ಗಿಡದ ಹಾಲಿನಲ್ಲಿರುವ ವಿಷ ಮೈಗೆ ಸೇರಿರುತ್ತದೆ. ಹೃದಯಕ್ಕೆ ತಗಲುವ ವಿಷ. ಅಮೆರಿಕದ ಲಿಂಕನ್ ಬ್ರೋವರ್ ಅನ್ನುವ ವಿಜ್ಞಾನಿ 1960ರ ದಶಕದಲ್ಲಿ ಇದರ ಹತ್ತಿರದ ನೆಂಟ ಮೊನಾರ್ಕನ್ನು ಬ್ಲೂ ಜೇ ಹಕ್ಕಿಗಳಿಗೆ ತಿನ್ನಿಸಿ ನೋಡಿದರು. ಹಾಲಿನ ಗಿಡ ತಿಂದು ಬೆಳೆದ ಚಿಟ್ಟೆ ತಿಂದ ಹಕ್ಕಿ ವಾಂತಿ ಮಾಡಿತು. ಎಲೆಕೋಸು ತಿನ್ನಿಸಿ ಬೆಳೆಸಿದ ಮೊನಾರ್ಕ್ ತಿಂದ ಹಕ್ಕಿಗೆ ಏನೂ ಆಗಲಿಲ್ಲ. ಅಂದರೆ ವಿಷ ಬಂದದ್ದು ಗಿಡದಿಂದ. ಒಮ್ಮೆ ವಾಂತಿ ಮಾಡಿದ ಹಕ್ಕಿ ಆಮೇಲೆ ಆ ಬಣ್ಣ ಕಂಡರೆ ದೂರ.

ಈಗ ಮೋಸ. ಡನೈಡ್ ಎಗ್‌ಫ್ಲೈ ಅಂತ ಇನ್ನೊಂದು ಚಿಟ್ಟೆ ಇದೆ. ಅದರ ಮೈಯಲ್ಲಿ ಅಂಥ ವಿಷ ಇಲ್ಲ. ಆದರೆ ಹೆಣ್ಣು ನೋಡಲು ಥೇಟ್ ಪ್ಲೇನ್ ಟೈಗರ್. ಗಂಡು ಮಾತ್ರ ಕರಿ ರೆಕ್ಕೆ, ಬಿಳಿ ಚುಕ್ಕೆ, ಬೇರೆ ಜಾತಿಯೇ ಅನ್ನಿಸುತ್ತದೆ. ಹೀಗೆ ವೇಷ ಹಾಕುವುದನ್ನು ಹೆನ್ರಿ ವಾಲ್ಟರ್ ಬೇಟ್ಸ್ ಅಮೆಜಾನ್ ಕಾಡಿನಲ್ಲಿ ಹನ್ನೊಂದು ವರ್ಷ ಇದ್ದು ಗಮನಿಸಿ 1862ರಲ್ಲಿ ವಿವರಿಸಿದ. ಡಾರ್ವಿನ್ನನ ವಾದಕ್ಕೆ ಒಳ್ಳೆ ಬಲ ಸಿಕ್ಕಿತು.

ಇಲ್ಲಿ ನಿಮ್ಮ ಮಗನಿಗೆ ಒಂದು ಪ್ರಶ್ನೆ ಕೊಡಿ. ಊರಲ್ಲಿ ಕಳ್ಳ ಪೊಲೀಸರೇ ಜಾಸ್ತಿ ಆದರೆ ಯೂನಿಫಾರ್ಮಿಗೆ ಯಾರು ಹೆದರುತ್ತಾರೆ? ವೇಷದ ಚಿಟ್ಟೆ ನಿಜವಾದದ್ದಕ್ಕಿಂತ ಹೆಚ್ಚಾದರೆ ಏನಾಗುತ್ತದೆ? ನನ್ನ ತಂಗಿಯ ಮಗ ಇದರ ಮೇಲೆ ಕಂಪ್ಯೂಟರಿನಲ್ಲಿ ಒಂದು ಸಣ್ಣ ಆಟವನ್ನೇ ಬರೆದ. ಚಿಟ್ಟೆಯನ್ನು ಮಾತ್ರ ಇವತ್ತಿಗೂ ಹೊರಗೆ ಹೋಗಿ ನೋಡಿಲ್ಲ, ಅದು ಬೇರೆ ಮಾತು.

ಮೂಲೆಮನೆ

ಹಕ್ಕಿ ವಾಂತಿ ಮಾಡಿದ ಭಾಗ ಓದಿ ಹೇಳಿದೆ. ಫೋನ್ ಕೆಳಗಿಟ್ಟ. ಸದ್ಯಕ್ಕೆ ಇಷ್ಟೇ ವರದಿ.

ಇಬ್ಬರ ಅಮ್ಮ

ಐದು ದಿನದ ಸುದ್ದಿ. ಮೊದಲು ಲೆಕ್ಕದ ಅಪ್ಪ ಅವರಿಗೆ: ಆರು ಸಾವಿರ ಕಿಲೋ ಅಂತ ಬಂದಾಗ ಮಗಳು ತಮ್ಮನನ್ನು ಮೇಲಿಂದ ಕೆಳಗೆ ನೋಡಿ "ಇವನು ಹುಳು ಆಗಿಲ್ಲದ್ದೇ ಒಳ್ಳೇದಾಯ್ತು" ಅಂದಳು. ಚೌಕುಳಿ ಹಾಳೆ ಚೆನ್ನಾಗಿ ಕೆಲಸ ಮಾಡಿತು. ಕೊನೆಯ ಎರಡು ದಿನ ಎಲೆ ತಂದು ಸಾಕಾಯಿತು ನನಗೆ.

ಒಂದು ವಿಷಯ ಮಗಳು ಕಂಡುಹಿಡಿದಳು. ಹುಳು ಎಲೆ ತಿನ್ನುವ ಮೊದಲು ಅದರ ನಡುನರವನ್ನು ಕಚ್ಚಿ ಬಿಡುತ್ತದೆ. ಹಾಲು ಅಲ್ಲೇ ಸೋರಿ ನಿಲ್ಲುತ್ತದೆ, ಎಲೆ ಜೋತು ಬೀಳುತ್ತದೆ, ಆಮೇಲೆ ನಿಧಾನವಾಗಿ ತುದಿ ಕಡೆ ತಿನ್ನುತ್ತದೆ. ಇಲ್ಲದಿದ್ದರೆ ಆ ಅಂಟಿಗೆ ಬಾಯೇ ಕಟ್ಟಿಕೊಳ್ಳುತ್ತದಂತೆ. ನಲ್ಲಿ ನಿಲ್ಲಿಸಿ ಪೈಪ್ ರಿಪೇರಿ ಮಾಡಿದ ಹಾಗೆ ಅಂತ ಅವಳು ಬರೆದುಕೊಂಡಿದ್ದಾಳೆ.

ನಿನ್ನೆ ಎರಡೂ ಹುಳು ಊಟ ಬಿಟ್ಟು ಡಬ್ಬಿಯ ಮೇಲಕ್ಕೆ ಹತ್ತಿ ಕೊಕ್ಕೆಯ ಹಾಗೆ ತಲೆಕೆಳಗಾಗಿ ನೇತುಬಿದ್ದವು. ಇವತ್ತು ಬೆಳಿಗ್ಗೆ ಒಂದು ನಮ್ಮ ಕಣ್ಣೆದುರೇ ಪೊರೆ ಬಿಟ್ಟಿತು. ಒಂದೆರಡು ನಿಮಿಷ ಅಷ್ಟೇ. ಪಟ್ಟೆ ಮೈ ಹಿಂದಿನಿಂದ ಸೀಳಿತು, ಒಳಗಿಂದ ಹಸಿರು ಕೋಶ. ಕೋಶ ಅಂದರೆ ಹುಳು ಹೊರಗಿನಿಂದ ನೇಯ್ದುಕೊಳ್ಳುವ ಚೀಲ ಅಂತ ಇಷ್ಟು ದಿನ ನಾನು ತಿಳಿದಿದ್ದೆ. ಅದು ರೇಷ್ಮೆಹುಳುವಿನಂಥ ಪತಂಗಗಳ ಗೂಡು. ಚಿಟ್ಟೆಗೆ ಕೋಶ ಅನ್ನುವುದು ಅದರ ಮೈಯೇ!

ಮಗ ಕೇಳಿದ, "ಚಿಟ್ಟೆ ಆದ ಮೇಲೆ ಹುಳು ಆಗಿದ್ದು ಅದಕ್ಕೆ ನೆನಪಿರುತ್ತಾ?" ಇದಕ್ಕೆ ಏನು ಹೇಳಲಿ?

ಎಲೆಮರೆ

ಇದು ಮಕ್ಕಳ ಪ್ರಶ್ನೆ ಅಂತ ನಗಬೇಡಿ, ವಿಜ್ಞಾನಿಗಳೂ ಕೇಳಿದ್ದಾರೆ. 2008ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ತಂಬಾಕು ಗಿಡದ ಪತಂಗದ ಹುಳುಗಳಿಗೆ ಒಂದು ವಾಸನೆಯ ಜೊತೆ ಸಣ್ಣ ಶಾಕ್ ಕೊಟ್ಟು ಆ ವಾಸನೆ ಬೇಡ ಅಂತ ಕಲಿಸಿದರು. ಕೋಶ ಸೇರುವ ಸ್ವಲ್ಪ ಮೊದಲು, ಹುಳುವಿನ ಕೊನೆಯ ಹಂತದಲ್ಲಿ ಕಲಿತವು ಪತಂಗವಾಗಿ ಹೊರಬಂದ ಮೇಲೂ ಆ ವಾಸನೆಯಿಂದ ದೂರ ಹೋದವು. ತೀರಾ ಚಿಕ್ಕದಿದ್ದಾಗ ಕಲಿತವಕ್ಕೆ ಅದು ಉಳಿಯಲಿಲ್ಲ. ಕೋಶದೊಳಗೆ ಮೈ ಬಹುಪಾಲು ಕರಗಿ ಹೊಸದಾಗಿ ಕಟ್ಟಿಕೊಳ್ಳುತ್ತದೆ, ಮಿದುಳಿನ ಸ್ವಲ್ಪ ಭಾಗ ಹಾಗೇ ಉಳಿಯುತ್ತದೆ. ಪತಂಗದ ಲೆಕ್ಕ ಇದು. ಮಗನಿಗೆ "ಸ್ವಲ್ಪ ಇರಬಹುದು" ಅನ್ನಿ.

ಇಬ್ಬರ ಅಮ್ಮ

ಸಲಹೆ ಬೇಕು, ಬೇಗ ಹೇಳಿ. ಒಂದು ಕೋಶ ಚೆನ್ನಾಗಿದೆ. ಇನ್ನೊಂದರಲ್ಲಿ ಮೊನ್ನೆಯಿಂದ ಕಂದು ಕಲೆ. ಇವತ್ತು ಅದರಿಂದ ಬಿಳಿ ದಾರದಂಥ ಅಂಟು ಎಳೆ ಇಳಿಬಿದ್ದಿದೆ. ಡಬ್ಬಿಯ ತಳದಲ್ಲಿ ಮೂರು ಬಿಳಿ ಹುಳ. ಮಗ ಅಳುತ್ತಿದ್ದಾನೆ. ನಾವೇನಾದರೂ ತಪ್ಪು ಮಾಡಿದೆವಾ? ಮಗಳು ನನ್ನ ಮೇಲೆ ಕೋಪ ಮಾಡಿಕೊಂಡಿದ್ದಾಳೆ, "ಅಲ್ಲೇ ಬಿಟ್ಟಿದ್ದರೆ ಬದುಕುತ್ತಿತ್ತು" ಅಂತ.

ತೋಟದವಳು

ನಿಮ್ಮ ತಪ್ಪೇನೂ ಇಲ್ಲ. ಅದು ಟಾಕಿನಿಡ್ ಅನ್ನುವ ಜಾತಿಯ ನೊಣದ ಮರಿ. ನೀವು ತರುವ ಮೊದಲೇ ಹುಳುವಿನ ಮೈ ಸೇರಿರುತ್ತದೆ. ಒಳಗೆ ಬೆಳೆದು, ಹೊರಗೆ ಬಂದು, ಆ ಎಳೆ ಹಿಡಿದು ಕೆಳಗೆ ಇಳಿಯುತ್ತದೆ. ಅಲ್ಲೇ ಗಿಡದಲ್ಲಿ ಬಿಟ್ಟಿದ್ದರೂ ಇದೇ ಆಗುತ್ತಿತ್ತು, ಮಗಳಿಗೆ ಹೇಳಿ. ದೊಡ್ಡ ಹುಳು ತಂದರೆ ಈ ಅಪಾಯ ಜಾಸ್ತಿ, ಅಷ್ಟು ದಿನ ಹೊರಗಿದ್ದು ಬಂದಿರುತ್ತದೆ. ಮುಂದಿನ ಸಲ ಮೊಟ್ಟೆ ಇರುವ ಎಲೆ ತನ್ನಿ.

ಗುಬ್ಬಿಗೂಡು

ಅಯ್ಯೋ ಪಾಪ. ಆರು ವರ್ಷದವನಿಗೆ ಇದೆಲ್ಲ ಹೇಳಲೇಬೇಕಾ? ಹಾರಿ ಹೋಯಿತು ಅಂದುಬಿಡಿ.

ಹಳೇ ಮೇಷ್ಟ್ರು

ಬೇಡಮ್ಮಾ, ಸುಳ್ಳು ಬೇಡ. ಅವನು ಆಗಲೇ ಕಣ್ಣಲ್ಲಿ ನೋಡಿದ್ದಾನೆ. ಈಗ ಹಾರಿ ಹೋಯಿತು ಅಂದರೆ ಮುಂದೆ ನೀವು ಹೇಳಿದ್ದನ್ನೆಲ್ಲ ಅವನು ಇನ್ನೊಮ್ಮೆ ಎಣಿಸಿ ನೋಡುತ್ತಾನೆ, ಹದಿನಾರು ಕಾಲು ಎಣಿಸಿದವನಲ್ಲವೇ! ಅಳಲಿ, ಜೊತೆಗೆ ಕೂತಿರಿ. ಎಲ್ಲ ಮೊಟ್ಟೆಯೂ ಚಿಟ್ಟೆಯಾಗುವುದಾದರೆ ಎಕ್ಕದ ಗಿಡದಲ್ಲಿ ಒಂದು ಎಲೆ ಉಳಿಯುತ್ತಿತ್ತೇ ಅಂತ ಕೇಳಿ. ಇವತ್ತು ಬೇಡ, ನಾಳೆ ಕೇಳಿ. ಮತ್ತೆ, ಆ ಗಿಡದ ಚಿತ್ರದ ಹಾಳೆ ಇದೆಯಲ್ಲ, ನೊಣಕ್ಕೂ ಅದರಲ್ಲಿ ಜಾಗ ಬೇಕು.

ಲೆಕ್ಕದ ಅಪ್ಪ

ನಾನು ಮೊದಲು ಕೇಳಿದ್ದನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ, ಒಂದು ದಿನ ಸುತ್ತಿ ಬಂದದ್ದು ಕಲಿಕೆಯಲ್ಲ ಅಂತಲೇ ಈಗಲೂ ಅನ್ನುತ್ತೇನೆ. ಆದರೆ ಇದು ಒಂದು ದಿನ ಆಗಿ ಉಳಿದಿಲ್ಲವಲ್ಲ. ಮಗ ಹೇಗಿದ್ದಾನೆ?

ಇಬ್ಬರ ಅಮ್ಮ

ಎಲ್ಲರಿಗೂ ಥ್ಯಾಂಕ್ಸ್. ಆ ರಾತ್ರಿ ಊಟ ಮಾಡದೆ ಮಲಗಿದ್ದ. ಮರುದಿನ ಸರಿಯಾದ.

ಉಳಿದ ಕೋಶ ನಿನ್ನೆ ಸಂಜೆ ಕಪ್ಪಾಗಿ ಕಂಡಿತು. ಇದೂ ಹೋಯಿತು ಅಂತ ಎದೆ ಧಸಕ್ ಅಂದಿತು. ಟಾರ್ಚ್ ಬಿಟ್ಟು ನೋಡಿದರೆ ಕೋಶ ಗಾಜಿನಂತೆ ತೆಳುವಾಗಿ, ಒಳಗೆ ಮಡಿಚಿದ ಕಿತ್ತಳೆ ರೆಕ್ಕೆ ಕಾಣುತ್ತಿತ್ತು. ಬೆಳಿಗ್ಗೆ ಐದಕ್ಕೇ ಎದ್ದು ಮೂವರೂ ಡಬ್ಬಿಯ ಮುಂದೆ ಕೂತೆವು. ಏಳೂವರೆವರೆಗೆ ಏನೂ ಇಲ್ಲ. ಹಲ್ಲುಜ್ಜಿ ಬನ್ನಿ ಅಂತ ಕಳಿಸಿದೆ, ಬರುವಷ್ಟರಲ್ಲಿ ಹೊರಗಿತ್ತು! ಇಬ್ಬರೂ ಇನ್ನೂ ನನ್ನನ್ನು ಕ್ಷಮಿಸಿಲ್ಲ.

ಆದರೆ ಆಮೇಲಿನದ್ದು ಸಿಕ್ಕಿತು. ಹೊಟ್ಟೆ ದಪ್ಪ, ರೆಕ್ಕೆ ಒದ್ದೆ ಕರ್ಚೀಫಿನ ಹಾಗೆ ಮುದುರಿತ್ತು. ಹೊಟ್ಟೆಯಿಂದ ರೆಕ್ಕೆಗೆ ರಸ ಒತ್ತಿ ಒತ್ತಿ ಅದು ಅರಳುವುದನ್ನು ನೋಡಿದೆವು. ಸೊಂಡಿಲು ಎರಡು ಸೀಳಾಗಿತ್ತು. ಸುತ್ತುವುದು ಬಿಚ್ಚುವುದು ಮಾಡುತ್ತ ಜಿಪ್ ಹಾಕಿದ ಹಾಗೆ ಎರಡನ್ನೂ ಒಂದು ಮಾಡಿಕೊಂಡಿತು. ಕೆಂಪು ಹನಿಯೊಂದು ಬಿದ್ದಾಗ ಮಗ "ರಕ್ತ!" ಅಂತ ಕಿರುಚಿದ. ಕೋಶದಲ್ಲಿದ್ದಷ್ಟು ದಿನದ ಕಸ ಅದು, ಈಗ ಹೊರಗೆ ಹಾಕುತ್ತದೆ ಅಂತ ಮಗಳು ಓದಿ ಹೇಳಿದಳು. ಹಿಂದಿನ ರೆಕ್ಕೆಯ ನಡುವೆ ನಾಲ್ಕು ಕರಿ ಚುಕ್ಕೆ ಎಣಿಸಿ "ಗಂಡು" ಅಂದಳು. ಹೆಣ್ಣಿಗೆ ಮೂರು ಇರುತ್ತದೆ.

ಹತ್ತೂವರೆಗೆ ಅದೇ ಎಕ್ಕದ ಗಿಡದ ಹತ್ತಿರ ಡಬ್ಬಿ ತೆರೆದೆವು. ಹೋಗಲಿಲ್ಲ. ಮಗನ ಅಂಗಿಯ ಮೇಲೆ ಹತ್ತು ನಿಮಿಷ ಕೂತಿತ್ತು. ಅಷ್ಟು ಹೊತ್ತು ಅವನು ಅಲ್ಲಾಡದೆ ನಿಂತದ್ದನ್ನು ನಾನು ಇದೇ ಮೊದಲು ನೋಡಿದ್ದು. ಆಮೇಲೆ ಬೇಲಿ ದಾಟಿ ಹೋಯಿತು.

ಈಗ ಹೊಸ ಸಮಸ್ಯೆ. ಆ ಮೂರು ಬಿಳಿ ಹುಳ ಕಂದು ಬಣ್ಣದ ಗುಳಿಗೆಯ ಹಾಗೆ ಗಟ್ಟಿಯಾಗಿವೆ. ಬಿಸಾಡಲು ಹೋದೆ, ಮಗ ಬಿಡಲಿಲ್ಲ. ಒಂದು ಸೀಸೆಗೆ ಹಾಕಿ, ಚೀಟಿ ಅಂಟಿಸಿ, "ನೊಣ. ದಿನ 1" ಅಂತ ಬರೆದಿದ್ದಾನೆ. ಇದಕ್ಕೆ ಊಟ ಏನಾದರೂ ಬೇಕಾ?

ತೋಟದವಳು

ಊಟ ಬೇಡ, ಅದೂ ಕೋಶದಲ್ಲಿದೆ. ತಳಕ್ಕೆ ಒಂದಿಷ್ಟು ಮಣ್ಣು ಹಾಕಿ, ತೀರಾ ಒಣಗಬಾರದು, ಒದ್ದೆಯೂ ಬೇಡ. ಬಾಯಿಗೆ ತೆಳು ಬಟ್ಟೆ ಕಟ್ಟಿ, ಬಲೆಬಟ್ಟೆ ಸಾಲದು, ತೂತಿನಲ್ಲಿ ನುಸುಳಿ ಬಂದೀತು. ಒಂದೆರಡು ವಾರ ಹಿಡಿಯಬಹುದು. ಹಲ್ಲನ್ನು ಮೊದಲೇ ಉಜ್ಜಿಕೊಂಡಿರಲು ಹೇಳಿ.